ಜಂಬುನಾಥನ ವಿಮಾನವೂ ದ್ಯಾಮಕ್ಕನ ಕೋಣೆಯೂ

ಜಂಬುನಾಥನನ್ನು ಕಂಡ ಮೊದಲ ದಿನ ಮೊದಲು ಕಂಡದ್ದು ಅವನ ಮುಖವಲ್ಲ, ರೆಕ್ಕೆ. ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೊರಟಿದ್ದ ಮಧ್ಯಾಹ್ನದ ಬಸ್ಸಿನ ಬಾಗಿಲಲ್ಲಿ ಎದೆಮಟ್ಟದ ಉದ್ದದ, ಎಲುಬು ಎಲುಬಾದ ಮರದ ಹಂದರವೊಂದು ಒಳಗೆ ತೂರಿಬಂದಿತು. ಅದರ ಹಿಂದೆ ಬೆವರಿನಲ್ಲಿ ತೊಯ್ದ ಅಂಗಿ, ಅಂಗಿಯ ಮೇಲೆ ನಗುಮುಖದ, ಸ್ವಲ್ಪ ಬೋಳಾದ ತಲೆಯ ಒಬ್ಬ ಮನುಷ್ಯ. ಕಂಕುಳಲ್ಲಿ ಇನ್ನೊಂದು ರಟ್ಟಿನ ಪೆಟ್ಟಿಗೆ.

"ಏನ್ರೀ ಇದು? ಮೀನಿನ ಮುಳ್ಳು ಇದ್ದಂಗ ಐತಲ್ಲ!" ಎಂದು ಕಂಡಕ್ಟರ್ ತಡೆದನು.

"ರೆಕ್ಕಿ ರೀ."

"ಯಾವುದರ ರೆಕ್ಕಿ?"

"ವಿಮಾನದ್ದು ರೀ."

ಕಂಡಕ್ಟರ್ ಸೀಟುಗಳನ್ನೊಮ್ಮೆ, ರೆಕ್ಕೆಯನ್ನೊಮ್ಮೆ ನೋಡಿದನು. "ವಿಮಾನ ಇದ್ದವ್ರು ಬಸ್ಸಿಗೆ ಯಾಕ ಬಂದ್ರಿ?" ಎಂದನು. ಬಸ್ಸಿಗೆ ಬಸ್ಸೇ ನಕ್ಕಿತು. ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಮಾತ್ರ ನಗದೆ ಹಂದರದೊಳಗೆ ಕೈಯಾಡಿಸಿ, "ತಮ್ಮಾ, ಕೋಳಿ ಗೂಡೇನೋ ಚಲೋ ಐತಿ, ಆದ್ರ ಬಾಗಿಲೆಲ್ಲಿ?" ಎಂದು ಕೇಳಿದಳು.

ರೆಕ್ಕೆಯನ್ನು ನಿಲ್ಲಿಸಿದರೆ ಮುರಿಯುತ್ತದೆ, ಮೇಲಿಟ್ಟರೆ ಬೀಳುತ್ತದೆ. ಕೊನೆಗೆ ಅದನ್ನು ಮೂರು ಜನ ಕೂರುವ ಸೀಟಿನವರ ತೊಡೆಗಳ ಮೇಲೆ ಮಲಗಿಸಲಾಯಿತು. ಒಂದು ತುದಿ ಹೂವಿನ ಹೆಂಗಸಿನ ಪಾಲಿಗೆ, ಇನ್ನೊಂದು ತುದಿ ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬ ನಿವೃತ್ತ ಮೇಷ್ಟರ ಪಾಲಿಗೆ ಬಂದಿತು. ರಸ್ತೆಯ ಉಬ್ಬು ಬಂದಾಗಲೆಲ್ಲ ಜಂಬುನಾಥನು ಮುಂದಿನಿಂದ "ಎತ್ರೀ!" ಎಂದು ಕೂಗುವನು, ಸಾಲಿಗೆ ಸಾಲೇ ಮಗುವನ್ನು ಎತ್ತುವಂತೆ ರೆಕ್ಕೆಯನ್ನು ಎತ್ತಿ ಇಳಿಸುವುದು. ಕೊಟ್ಟೂರು ಮುಟ್ಟುವ ಹೊತ್ತಿಗೆ ಆ ರೆಕ್ಕೆಯ ಮೇಲೆ ಎಲ್ಲರಿಗೂ ಒಂದು ಬಗೆಯ ಮಮತೆ ಹುಟ್ಟಿಬಿಟ್ಟಿತ್ತು. ಮೇಷ್ಟರಿಗೆ ಈ ಕಥೆಯನ್ನು ಹೇಳುವ ಹಕ್ಕು ಬಂದದ್ದು ಹಾಗೆ.

ಜಂಬುನಾಥನು ಕೊಟ್ಟೂರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಹುಡುಗನಾಗಿದ್ದಾಗ ಆಷಾಢದ ಗಾಳಿಗೆ ಗಾಳಿಪಟ ಹಾರಿಸಿ ಹಾರಿಸಿ ಮೇಲೆ ನೋಡುವ ಚಟ ಹತ್ತಿಸಿಕೊಂಡವನು. ನಲವತ್ತು ದಾಟಿದರೂ ಅದು ಬಿಟ್ಟಿರಲಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಅವನೊಂದು ದೃಶ್ಯವನ್ನು ಕಂಡನು. ಮಂಚದಷ್ಟು ದೊಡ್ಡದೊಂದು ಆಟದ ವಿಮಾನ ಆಕಾಶದಲ್ಲಿ ಮಗುಚಿತು, ಉರುಳಿತು, ಕೊನೆಗೆ ಮೂಗನ್ನು ಮೇಲೆ ಮಾಡಿ, ಬಾಲವನ್ನು ಕೆಳಗೆ ಬಿಟ್ಟು, ಬರೀ ಮುಂದಿನ ಫ್ಯಾನಿನ ಬಲದಿಂದ ನಿಂತಲ್ಲೇ ನಿಂತಿತು. ಕೆಳಗೆ ಒಬ್ಬನು ಕೊರಳಿಗೆ ರಿಮೋಟು ನೇತುಹಾಕಿಕೊಂಡು ಹೆಬ್ಬೆರಳು ಆಡಿಸುತ್ತಿದ್ದನು, ಅಷ್ಟೇ. ಜಂಬುನಾಥನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು.

ಆಮೇಲೆ ಅವನು ಥರ್ಮಾಕೋಲಿನ ಸಣ್ಣ ವಿಮಾನಗಳನ್ನು ಹಾರಿಸಿ ಕಲಿತನು. ಒಂದು ಬೇವಿನ ಮರದಲ್ಲಿ ಉಳಿಯಿತು. ಇನ್ನೊಂದನ್ನು ಊರಾಚೆಯ ಕುರಿಗಾರ ದೊಡ್ಡಬೀರಪ್ಪನ ಟಗರು ಗುದ್ದಿ ಎರಡು ತುಂಡು ಮಾಡಿತು. ಮೂರನೆಯದು ಮಾತು ಕೇಳಿತು. ಆಗ ದಾವಣಗೆರೆಯಲ್ಲಿ ಅರ್ಧ ಕಟ್ಟಿ ಬೇಸತ್ತಿದ್ದ ಒಬ್ಬ ಡಾಕ್ಟರರಿಂದ ದೊಡ್ಡ ವಿಮಾನದ ಮರದ ಚೂರುಗಳನ್ನೂ ಪೆಟ್ರೋಲ್ ಎಂಜಿನ್ನನ್ನೂ ತಂದನು. ಬಸ್ಸಿನ ರೆಕ್ಕೆ ಅದರದೇ.

ಮನೆಯಲ್ಲಿ ಇರುವುದು ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡುಗೆಮನೆ. ಪಡಸಾಲೆಯಲ್ಲಿ ಹೆಂಡತಿ ಸುಮಂಗಲೆಯ ಹೊಲಿಗೆ ಯಂತ್ರ. ಆದ್ದರಿಂದ ವಿಮಾನವು ಕೋಣೆಯ ಮಂಚದ ಮೇಲೆ ಬೆಳೆಯತೊಡಗಿತು. ಅದು ಬೆಳೆದು ಮಂಚವನ್ನು ಮೀರಿ, ಒಂದು ರೆಕ್ಕೆ ಕಿಟಕಿಯ ಹೊರಗೆ ಇಣುಕುವ ಹೊತ್ತಿಗೆ ಸರಿಯಾಗಿ ಹಡಗಲಿಯಿಂದ ಅತ್ತೆ ದ್ಯಾಮಕ್ಕ ಟ್ರಂಕಿನೊಂದಿಗೆ ಬಂದಿಳಿದಳು. ದ್ಯಾಮಕ್ಕನ ಗಂಡ ಲಾರಿ ಹೊಡೆಯುತ್ತಿದ್ದವರು, ತೀರಿಕೊಂಡು ವರ್ಷಗಳಾಗಿದ್ದವು. ಇನ್ನು ಮುಂದೆ ಮಗಳ ಮನೆಯಲ್ಲೇ ಇರುವುದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಎಲ್ಲಿ ಮಲಗುವುದೆಂಬುದನ್ನು ಮಾತ್ರ ಯಾರೂ ತೀರ್ಮಾನಿಸಿರಲಿಲ್ಲ.

ಕೋಣೆಯ ಬಾಗಿಲು ತೆರೆದು ನೋಡಿ ಅವಳು ಹಾಗೆಯೇ ಮುಚ್ಚಿದಳು. "ಸುಮಂಗಲಾ, ಒಳಗ ಯಾರೋ ಮಲಗ್ಯಾರ," ಎಂದಳು.

"ಅದು ನಿನ್ನ ಅಳಿಯನ ಇಮಾನ, ಅವ್ವ."

"ಇಮಾನಕ್ಕ ಮಂಚ, ನನಗ ಅಡಿಗಿ ಮನಿ?"

"ಸ್ವಲ್ಪ ದಿನ ಅತ್ತೀ," ಎಂದನು ಜಂಬುನಾಥ.

"ಸ್ವಲ್ಪ ದಿನ ಅಂತ ನಿಮ್ಮ ಮಾವನೂ ಅಂದಿದ್ರು ಅಳಿಯಾರ, ಲಾರಿ ಟಯರ್ ಒಂದು ನಡುಮನ್ಯಾಗ ಇಟ್ಟು. ಸುಮಂಗಲಾ ಅದರ ಮ್ಯಾಲೇ ಕುಂತು ಅಂಬೆಗಾಲಿಡೋದು ಮರತ್ಲು."

ದ್ಯಾಮಕ್ಕನ ಹಾಸಿಗೆ ಅಡುಗೆಮನೆಯಲ್ಲಿ ಬಿದ್ದಿತು. ತಲೆದೆಸೆಗೆ ಅಕ್ಕಿಯ ಡಬ್ಬ, ಕಾಲ್ದೆಸೆಗೆ ಗ್ಯಾಸಿನ ಸಿಲಿಂಡರು. ಅವಳು ಬೈಯಲಿಲ್ಲ; ಬೈಯುವುದಕ್ಕಿಂತ ಘೋರವಾದ ಕೆಲಸ ಮಾಡಿದಳು. ದಿನಾ ಬೆಳಿಗ್ಗೆ ಕೋಣೆಯ ಹೊಸ್ತಿಲಲ್ಲಿ ಕುಳಿತು, ವಿಮಾನವನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದರಾಗ ಹತ್ತು ಕೋಳಿ ಸಲೀಸಾಗಿ ಕುಂದರ್ತಾವ," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಮರದ ಹಂದರಕ್ಕೆ ಚರ್ಮ ಹೊದಿಸುವ ಕೆಲಸ ಬಂದಾಗ ಸುಮಂಗಲೆಗೂ ಸಿಟ್ಟು ಬಂದಿತು. ಅದೊಂದು ತೆಳುವಾದ ಪ್ಲಾಸ್ಟಿಕ್ ಹಾಳೆ. ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಮರಕ್ಕಂಟಿ ತಮಟೆಯ ಹಾಗೆ ಬಿಗಿಯುತ್ತದೆ. ಮನೆಯಲ್ಲಿದ್ದದ್ದು ಒಂದೇ ಇಸ್ತ್ರಿ ಪೆಟ್ಟಿಗೆ. ಜಂಬುನಾಥನು ಭಾನುವಾರವೆಲ್ಲ ಕೆಂಪು ಹಾಳೆಯನ್ನು ಉಜ್ಜಿ, ಪೆಟ್ಟಿಗೆಯನ್ನು ಒರೆಸದೆ ಇಟ್ಟನು. ಸೋಮವಾರ ಸುಮಂಗಲೆ ಅದೇ ಪೆಟ್ಟಿಗೆಯನ್ನು ಗಿರಾಕಿಯೊಬ್ಬಳ ಬಿಳಿ ರೇಷ್ಮೆ ಕುಪ್ಪಸದ ಮೇಲೆ ಆಡಿಸಿದಳು. ಕುಪ್ಪಸದ ಬೆನ್ನಿನ ಮೇಲೆ ಅಚ್ಚುಕಟ್ಟಾಗಿ ಒಂದು ಕೆಂಪು ಬಾಣ ಮೂಡಿತು.

"ಆಕಿ ಈಗ ಯಾವ ಕಡಿ ಹಾರಬೇಕ್ರಿ?" ಎಂದು ಸುಮಂಗಲೆ ಕುಪ್ಪಸವನ್ನು ಗಂಡನ ಮುಖಕ್ಕೆ ಹಿಡಿದಳು.

ಅಂದು ಊಟಕ್ಕೆ ಕುಳಿತಾಗ ಒಪ್ಪಂದವಾಯಿತು. ವಿಮಾನ ಸಿದ್ಧವಾದ ಮೇಲೆ ಒಂದು ಸಲ, ಒಂದೇ ಸಲ ಎಲ್ಲರೆದುರು ಹಾರಿಸುವುದು. ಹೋದದ್ದು ಹೋದ ಹಾಗೆಯೇ ವಾಪಸು ಬಂದರೆ ಕೋಣೆ ವಿಮಾನದ್ದು. ಬಾರದಿದ್ದರೆ ಕೋಣೆ ದ್ಯಾಮಕ್ಕನದು. ಉಳಿದ ಚೂರು ಹಿತ್ತಲಿನ ಕೋಳಿಗಳದು. ಜಂಬುನಾಥನು ಮತ್ತೆ ಅಂಟಿನ ಬಾಟಲಿ ಮುಟ್ಟಕೂಡದು.

"ಹೋದ ಹಾಗೆಯೇ," ಎಂದು ದ್ಯಾಮಕ್ಕ ಮಜ್ಜಿಗೆ ಕುಡಿಯುತ್ತ ಒತ್ತಿ ಹೇಳಿದಳು. "ಒಂದು ಮೊಳಿ ಕಮ್ಮಿ ಆಗಿರಬಾರದು."

ಅಂದಿನಿಂದ ಜಂಬುನಾಥನಿಗೆ ಊಟ ನಿದ್ದೆಗಳು ನೆಪಮಾತ್ರವಾದವು. ದೊಡ್ಡ ವಿಮಾನದ ಜೀವವೆಲ್ಲ ತೂಕದ ಸಮತೋಲದಲ್ಲಿರುತ್ತದೆ. ರೆಕ್ಕೆಯ ಅಡಿಗೆ ಗುರುತು ಹಾಕಿದ ಜಾಗದಲ್ಲಿ ಬೆರಳು ಕೊಟ್ಟು ಎತ್ತಿದರೆ ಅದು ತಕ್ಕಡಿಯಂತೆ ನಿಲ್ಲಬೇಕು, ಮೂಗು ಒಂದಿಷ್ಟು ತಗ್ಗಬೇಕು. ಬಾಲ ಭಾರವಾಯಿತೋ, ಮೂಗು ಮೇಲಕ್ಕೇಳುತ್ತದೆ. ಆಮೇಲೆ ವಿಮಾನ ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಗಂಡ ಹೆಂಡತಿ ಎರಡೂ ಕಡೆ ನಿಂತು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ಬಾಲ ತಗ್ಗಿತು. ಜಂಬುನಾಥನು ಹಂಪಸಾಗರಕ್ಕೆ ಹೋಗಿ ಮೀನುಗಾರರಿಂದ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು ಮೂಗಿನೊಳಗೆ ಒಂದೊಂದಾಗಿ ಅಂಟಿಸಿದನು. ಕೊನೆಯ ಗುಂಡಿಗೆ ವಿಮಾನ ನಮಸ್ಕಾರ ಮಾಡುವಂತೆ ಮೂಗನ್ನು ಮೆಲ್ಲಗೆ ತಗ್ಗಿಸಿತು.

"ನೋಡ್ರಿ ಅತ್ತೀ, ಇನ್ನ ಇದರ ಮ್ಯಾಲ ಒಂದು ನೊಣ ಕುಂತರೂ ನನಗ ಗೊತ್ತಾಗ್ತೈತಿ," ಎಂದು ಅವನು ಬೀಗಿದನು.

ದ್ಯಾಮಕ್ಕನಿಗೆ ನೊಣದ ಚಿಂತೆಯಿರಲಿಲ್ಲ, ಊರಿನ ಚಿಂತೆಯಿತ್ತು. ಕಿಟಕಿಯಿಂದ ಹೊರಬಂದ ಕೆಂಪು ರೆಕ್ಕೆಯನ್ನು ನೋಡಲು ಓಣಿಯ ಜನರೆಲ್ಲ ಬರುತ್ತಿದ್ದರು. "ಅಬ್ಬಾ ಎಷ್ಟ್ ಚೆಂದ ಐತಿ!" ಎನ್ನುತ್ತಿದ್ದರು. ಹಾಗೆಂದವರು ಹೋದ ಮೇಲೆ ದ್ಯಾಮಕ್ಕ ಪ್ರತಿ ಸಲವೂ ಹೊಸ್ತಿಲಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು.

"ಅವ್ವ, ಇಮಾನ ಬಿದ್ರ ನಿನಗ ಕೋಣಿ ಸಿಗ್ತೈತಿ. ನೀನ್ಯಾಕ ದೃಷ್ಟಿ ತಗೀತಿ?" ಎಂದು ಸುಮಂಗಲೆ ಕೇಳಿದಳು.

"ಜಗಳ ಮನಿಯೊಳಗಿಂದು. ಹೊರಗಿನ ಮಂದಿ ಕಣ್ಣಿಗೆ ಯಾಕ ಬೀಳಬೇಕು? ಬೀಳೋದಾದ್ರ ತಾನಾಗಿ ಬೀಳ್ಲಿ," ಎಂದಳು ದ್ಯಾಮಕ್ಕ. "ನಿಮ್ಮಪ್ಪ ಅಷ್ಟು ವರ್ಷ ಲಾರಿ ಹೊಡೆದ್ರು, ಒಂದು ಗೀರು ಬೀಳ್ಲಿಲ್ಲ. ಯಾಕ ಹೇಳು? ಹಿಂದ ಚಪ್ಪಲಿ ಕಟ್ಟಿದ್ರು."

ಹಾರಿಸುವ ಜಾಗ ಉಜ್ಜಿನಿ ರಸ್ತೆಯ ಪಕ್ಕದಲ್ಲಿದ್ದ ದೊಡ್ಡಬೀರಪ್ಪನ ಬಯಲು. ಕುರಿಗಳು ಮೇದು ಮೇದು ಅದು ಅಂಗೈಯಂತೆ ನುಣ್ಣಗಾಗಿತ್ತು. ದೊಡ್ಡಬೀರಪ್ಪನು ದೊಡ್ಡ ರುಮಾಲಿನ, ದೊಡ್ಡ ದನಿಯ ಯಜಮಾನ. ಒಪ್ಪಿಗೆ ಕೊಟ್ಟನು, ಆದರೆ ತೀರ್ಪು ಹೇಳುವವನು ತಾನೇ ಆಗಬೇಕೆಂದನು. ಜಂಬುನಾಥನು ಪೊಲೀಸ್ ಠಾಣೆಗೂ ಹೋಗಿ ತಿಳಿಸಿಬಂದನು.

"ಮ್ಯಾಲಿಂದ ಏನರ ಬೀಳ್ತೈತೇನ್ರಿ ಅದರಿಂದ?" ಎಂದು ಅಲ್ಲಿನ ಕಾನ್‌ಸ್ಟೇಬಲ್ ಕೇಳಿದ್ದನು.

"ಏನೂ ಬೀಳಂಗಿಲ್ಲ ಸಾರ್. ಬಿದ್ರ ಪೂರ್ತಾನ ಬೀಳ್ತೈತಿ," ಎಂದು ಜಂಬುನಾಥನು ಪ್ರಾಮಾಣಿಕವಾಗಿ ಹೇಳಿದ್ದನು.

ಆ ಭಾನುವಾರ ಬೆಳಿಗ್ಗೆ ಬಯಲಿನ ಅಂಚಿನಲ್ಲಿ ಓಣಿಗೆ ಓಣಿಯೇ ಸೇರಿತು. ದೊಡ್ಡಬೀರಪ್ಪನು ತನ್ನ ಮಂಚವನ್ನು ತರಿಸಿಕೊಂಡು, ಜನರಿಂದ ದೂರವಾಗಿ ಬಯಲಿನ ಆಚೆ ಬದಿಗೆ, ನ್ಯಾಯಾಧೀಶನಂತೆ ಒಬ್ಬನೇ ಕುಳಿತನು. ಹೊಸ ಗಾಡಿಗೆ ಪೂಜೆಯಾಗದೆ ಚಕ್ರ ಉರುಳಬಾರದೆಂದು ದ್ಯಾಮಕ್ಕ ವಿಮಾನಕ್ಕೆ ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಗಾಲಿಗಳಡಿ ನಿಂಬೆಹಣ್ಣು ಇಟ್ಟಳು. ಪೂಜೆ ಮುಗಿದೊಡನೆ ಜಂಬುನಾಥನು ಹಾರ ತೆಗೆದನು, ಹಣ್ಣು ತೆಗೆದನು, ರೆಕ್ಕೆಗೆ ಅಂಟಿದ್ದ ಒಂದು ಎಸಳನ್ನೂ ಊದಿ ಹಾರಿಸಿದನು.

"ದೇವರ ಹೂವಾರ ಇರ್ಲಿ ಅಳಿಯಾರ!"

"ಬ್ಯಾಡ ಅತ್ತೀ, ತೂಕ! ತೂಕ ಕೆಡ್ತೈತಿ!"

ಎಂಜಿನ್ ಶುರು ಮಾಡುವಾಗ ವಿಮಾನ ಮುಂದಕ್ಕೆ ನುಗ್ಗದಂತೆ ಹಿಂದೆ ಯಾರಾದರೂ ಬಾಲವನ್ನು ಗಟ್ಟಿಯಾಗಿ ಹಿಡಿಯಬೇಕು. ಸುಮಂಗಲೆ ಹೊರಟಳು. ದ್ಯಾಮಕ್ಕ ಅವಳನ್ನು ಪಕ್ಕಕ್ಕೆ ಸರಿಸಿ, "ನೀನು ಗಾಳಿಗೇ ತೂರಾಡ್ತಿ. ನಾ ಹಿಡೀತೀನಿ," ಎಂದು ಬಾಲದ ಹಿಂದೆ ಬಂಡೆಯಂತೆ ಕುಕ್ಕರಗಾಲಲ್ಲಿ ಕುಳಿತಳು.

ಆಮೇಲೆ ಎಲ್ಲರಿಗೂ ತಿಳಿದದ್ದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ದ್ಯಾಮಕ್ಕನ ಸೊಂಟದಲ್ಲಿ, ಸೀರೆಯ ಮಡಿಕೆಯೊಳಗೆ, ಗಂಡನ ಎಡಗಾಲಿನ ಟೈರ್ ಚಪ್ಪಲಿ ಇತ್ತು. ಲಾರಿಯ ಹಿಂದೆ ವರ್ಷಾನುಗಟ್ಟಲೆ ತೂಗಿದ ಅದೇ ಚಪ್ಪಲಿ. ಎಂಜಿನ್ ಮರ ಕೊಯ್ಯುವ ಗರಗಸದಂತೆ ಅರಚಿತು, ಧೂಳೆದ್ದಿತು, ಮುಂದೆ ಕುಳಿತಿದ್ದ ಜಂಬುನಾಥನು ಕಣ್ಣು ಕಿರಿದು ಮಾಡಿಕೊಂಡು, ರಿಮೋಟು ಹಿಡಿದು ಪಕ್ಕಕ್ಕೆ ಸರಿದನು. ಅಷ್ಟರಲ್ಲಿ ಅವಳು ಸೆರಗಿನ ಮರೆಯಲ್ಲಿ ಆ ಚಪ್ಪಲಿಯನ್ನು ಬಾಲದಡಿಯ ಪುಟ್ಟ ಗಾಲಿಯ ಕಂಬಿಗೆ ದಾರದಿಂದ ಕಟ್ಟಿ, ಮನಸ್ಸಿನಲ್ಲೇ ಕೈಮುಗಿದು, ಬಾಲವನ್ನು ಬಿಟ್ಟುಬಿಟ್ಟಳು.

ವಿಮಾನ ಓಡಿತು. ಸಾಮಾನ್ಯವಾಗಿ ಬಾಲ ಮೊದಲು ಏಳಬೇಕು. ಬಾಲ ಏಳಲಿಲ್ಲ, ಮೂಗು ಎದ್ದಿತು. ಎದ್ದದ್ದೇ ವಿಮಾನ ರೊಚ್ಚಿಗೆದ್ದ ಹೋರಿಯಂತೆ ಆಕಾಶಕ್ಕೆ ನೆಗೆಯಿತು. ಜಂಬುನಾಥನು ರಿಮೋಟಿನ ಕಡ್ಡಿಯನ್ನು ಮುಂದಕ್ಕೆ ಒತ್ತಿದನು. ವಿಮಾನ ಹಿಂದಕ್ಕೆ ಮಗುಚಿ ಒಂದು ದೊಡ್ಡ ಸುತ್ತು ಹಾಕಿತು. ಎಡಕ್ಕೆ ಎಳೆದನು, ಅದು ಎಡಕ್ಕೂ ಉರುಳಿತು, ಬಲಕ್ಕೂ ಉರುಳಿತು, ಬೆನ್ನ ಮೇಲೆ ಜಾರಿತು. ಜನ ಶಿಳ್ಳೆ ಹೊಡೆದರು.

"ಏನ್ ಆಡಸ್ತಾನಲೇ ಜಂಬಣ್ಣ!" ಎಂದು ಒಬ್ಬನು ಕೂಗಿದನು.

"ನಾ ಅಲ್ಲಪ್ಪೋ! ಅದ ಆಡಾಕತ್ತೈತಿ!" ಎಂದು ಜಂಬುನಾಥನು ಅಳುವ ದನಿಯಲ್ಲಿ ಕೂಗಿದನು. ಅದೂ ತಮಾಷೆಯೆಂದು ಜನ ಇನ್ನಷ್ಟು ನಕ್ಕರು.

ಅವನ ಕಣ್ಣ ಮುಂದೆ ಕೋಣೆ ಬಂದಿತು. ಮಂಚದ ಮೇಲೆ ಕಾಲು ಚಾಚಿ ಮಲಗಿದ ಅತ್ತೆ ಬಂದಳು. ಕೆಂಪು ರೆಕ್ಕೆಯ ಮೇಲೆ ಸಾಲಾಗಿ ಕುಳಿತ ಕೋಳಿಗಳು ಬಂದವು. ಬೆವರಿದ ಹೆಬ್ಬೆರಳಿನಿಂದ ಅವನು ಎಂಜಿನ್ನಿನ ಬಲ ಹೆಚ್ಚಿಸಿದನು. ಆಗ ವಿಮಾನ ಬಯಲಿನ ಆಚೆ ಬದಿಯ ಮೇಲೆ ಹೋಗಿ, ಮೂಗನ್ನು ನೇರ ಆಕಾಶಕ್ಕೆ ಮಾಡಿ, ಬಾಲವನ್ನು ಕೆಳಗೆ ಬಿಟ್ಟು, ನಿಂತಲ್ಲೇ ನಿಂತುಬಿಟ್ಟಿತು. ಮೊಬೈಲಿನಲ್ಲಿ ಕಂಡಿದ್ದ ಹಾಗೆಯೇ. ಜೀವಮಾನದ ಆಸೆ ಅವನ ಅಪ್ಪಣೆಯಿಲ್ಲದೆ ಈಡೇರುತ್ತಿತ್ತು.

ನಿಂತ ವಿಮಾನ ಗಡಗಡ ನಡುಗಿತು. ದಾರ ಸವೆಯಿತು. ಬಾಲದಿಂದ ಕರಿಯದೊಂದು ವಸ್ತು ಕಳಚಿ, ತಿರುಗುತ್ತ ತಿರುಗುತ್ತ ಬಂದು, ಬಯಲಿನಲ್ಲಿ ಬೇರೆಲ್ಲೂ ಜಾಗವಿಲ್ಲವೆಂಬಂತೆ ದೊಡ್ಡಬೀರಪ್ಪನ ರುಮಾಲಿನ ನಟ್ಟನಡುವೆ ದಪ್ಪನೆ ಕುಳಿತಿತು.

ಅದೇ ಗಳಿಗೆಯಲ್ಲಿ ಜಂಬುನಾಥನ ಹೆಬ್ಬೆರಳಿಗೆ ವಿಮಾನ ಮರಳಿ ಸಿಕ್ಕಿತು. ಮೂಗು ಸಾಧುವಾಗಿ ತಗ್ಗಿತು. ಬಲಕ್ಕೆ ಅಂದರೆ ಬಲಕ್ಕೆ, ಎಡಕ್ಕೆ ಅಂದರೆ ಎಡಕ್ಕೆ. ಅವನಿಗೆ ಕಾರಣ ತಿಳಿಯಲಿಲ್ಲ, ಕೇಳುವಷ್ಟು ಪುರುಸೊತ್ತೂ ಇರಲಿಲ್ಲ. ಬಯಲನ್ನು ಒಂದು ಸುತ್ತು ಹಾಕಿಸಿ, ಆಸೆ ತಡೆಯಲಾರದೆ ತನ್ನ ಸ್ವಂತ ಇಚ್ಛೆಯಿಂದ ಒಂದೇ ಒಂದು ಉರುಳು ಉರುಳಿಸಿ, ಕೊಕ್ಕರೆ ಇಳಿಯುವ ಹಾಗೆ ಇಳಿಸಿ, ಎಂಜಿನ್ ನಿಲ್ಲಿಸಿದನು. ಒಂದು ಗೀರಿಲ್ಲ. ಅವನು ನೆಲದ ಮೇಲೆ ಕುಳಿತುಬಿಟ್ಟನು.

ಅತ್ತ ದೊಡ್ಡಬೀರಪ್ಪ ಚಪ್ಪಲಿಯನ್ನು ಎತ್ತಿ ಹಿಡಿದುಕೊಂಡು ಬಯಲನ್ನು ದಾಟಿ ಬರುತ್ತಿದ್ದನು. "ಯಾವನಲೇ ಅವ! ದೊಡ್ಡಬೀರಪ್ಪಗ ಚಪ್ಪಲಿಲೆ ಹೊಡೆಯೋವಷ್ಟು ಧೈರ್ಯ ಯಾವನಿಗೆ ಬಂತು!"

ದ್ಯಾಮಕ್ಕ ಒಬ್ಬಳೇ ಎದ್ದು ಹೋಗಿ ಕೈಚಾಚಿದಳು. "ಕೊಡಪ್ಪ ಇಲ್ಲಿ. ನಮ್ಮ ಯಜಮಾನ್ರದು."

"ನಿಮ್ಮ ಯಜಮಾನ್ರು ತೀರಿಕೊಂಡಾರಲ್ಲಬೇ!"

"ಅದಕ್ಕ ಮ್ಯಾಲಿಂದ ಬಂದೈತಿ."

ಮೊದಲು ನಕ್ಕವಳು ಸುಮಂಗಲೆ. ಆಮೇಲೆ ನಗದವನು ಜಂಬುನಾಥ ಒಬ್ಬನೇ. ಅವನು ವಿಮಾನದ ಬಾಲದಡಿ ಮಲಗಿ, ಕಂಬಿಯಲ್ಲಿ ಉಳಿದಿದ್ದ ದಾರದ ತುಂಡನ್ನು ನೋಡುತ್ತಿದ್ದನು. "ಅತ್ತೀ," ಎಂದನು, "ನೊಣ ಅಂದಿದ್ದೆ ನಾನು. ನೀವು ಲಾರಿ ಟಯರ್ ಕಟ್ಟೀರಲ್ಲ!"

"ಕಟ್ಟಿದ್ದಕ್ಕ ವಾಪಸ್ ಬಂತು."

"ಬಿದ್ದದ್ದಕ್ಕ ವಾಪಸ್ ಬಂತು ಅತ್ತೀ!"

ಈ ವಾದ ಇಂದಿಗೂ ಬಗೆಹರಿದಿಲ್ಲ. ಆದರೆ ಅಂದು ಕೋಣೆಯ ತೀರ್ಪು ಆಗಬೇಕಿತ್ತು. ಜಂಬುನಾಥನು ವಿಮಾನವನ್ನು ಸುತ್ತಲೂ ತೋರಿಸಿ, ಹೋದ ಹಾಗೆಯೇ ಬಂದಿದೆ, ಕೋಣೆ ತನ್ನದು ಎಂದನು. ದ್ಯಾಮಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಹೋಗುವಾಗ ಬಾಲಕ್ಕ ಚಪ್ಪಲಿ ಇತ್ತು. ಬರುವಾಗ ಎಲ್ಲೈತಿ? ಹೋದ ಹಾಗೆ ಬಂದಿಲ್ಲ. ಕೋಣಿ ನಂದು."

ಎಲ್ಲರೂ ನ್ಯಾಯಾಧೀಶನ ಕಡೆ ನೋಡಿದರು. ದೊಡ್ಡಬೀರಪ್ಪ ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡನು. "ಅಳಿಯಂದು ಇಮಾನ ಉಳೀತು, ಅತ್ತಿದು ಮಾತು ಉಳೀತು. ಏಟು ತಿಂದಾವ ನಾನು. ನ್ಯಾಯ ಪ್ರಕಾರ ಆ ಕೋಣಿ ನನಗ ಕೊಡಬೇಕು," ಎಂದನು. ಇದಕ್ಕೆ ಅತ್ತೆ ಅಳಿಯ ಇಬ್ಬರೂ ಒಂದೇ ಬಾಯಿಯಿಂದ "ಆಗಂಗಿಲ್ಲ!" ಎಂದರು. ಬಹಳ ದಿನಗಳ ಮೇಲೆ ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದರು.

ದಾರಿ ತೋರಿಸಿದವಳು ಸುಮಂಗಲೆ. ಕೋಣೆಯ ಮಾಳಿಗೆಯ ತೊಲೆಗೆ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಗಳಿದ್ದವು. "ನೆಲ ಅವ್ವಗ, ಮ್ಯಾಲಿಂದು ನಿಮಗ. ಇಮಾನ ಅಂದ್ಮ್ಯಾಲ ಅದು ಮ್ಯಾಲೇ ಇರ್ಬೇಕಲ್ರಿ? ಮಂಚದ ಮ್ಯಾಲ ಮಲಗಿಸಿ ಇಟ್ಕೊಂಡಿದ್ದು ನಿಮ್ಮದ ತಪ್ಪು," ಎಂದಳು. ಅದೇ ಸಂಜೆ ರೆಕ್ಕೆ ಕಳಚಿ, ವಿಮಾನವನ್ನು ತೊಟ್ಟಿಲಿನ ಹಗ್ಗದಲ್ಲಿ ತೂಗುಹಾಕಿದರು.

ಈಚಿನ ದಿನಗಳಲ್ಲಿ ದ್ಯಾಮಕ್ಕ ಆ ವಿಮಾನದ ಕೆಳಗೆ ಮಲಗುತ್ತಾಳೆ. ಸೊಳ್ಳೆ ಪರದೆಯ ದಾರಗಳನ್ನು ಅದರ ಗಾಲಿಗಳಿಗೇ ಕಟ್ಟುತ್ತಾಳೆ. ಮಧ್ಯಾಹ್ನ ನಿದ್ದೆ ಬಾರದಿದ್ದರೆ ಕೋಲಿನಿಂದ ಬಾಲವನ್ನು ಮೆಲ್ಲಗೆ ತಳ್ಳಿ ತೂಗುತ್ತಾಳೆಂದು ಸುಮಂಗಲೆ ಹೇಳುತ್ತಾಳೆ, ಅವಳು ಒಪ್ಪುವುದಿಲ್ಲ. ಬಿಡುವಿದ್ದ ಭಾನುವಾರಗಳಂದು ಜಂಬುನಾಥನು ದೊಡ್ಡಬೀರಪ್ಪನ ಬಯಲಿಗೆ ಹೋಗುತ್ತಾನೆ. ಬಾಲ ಹಿಡಿಯುವುದು ದ್ಯಾಮಕ್ಕನೇ. ಹಿಡಿಯುವ ಮೊದಲು ಅಳಿಯನೆದುರು ಸೆರಗು ಕೊಡವಿ, ಎರಡೂ ಕೈ ತೋರಿಸಬೇಕೆಂಬುದು ಕರಾರು. ದೊಡ್ಡಬೀರಪ್ಪನು ಬರುತ್ತಾನೆ, ಆದರೆ ಮಂಚದ ಮೇಲೆ ಕೂರುವುದಿಲ್ಲ, ಅಡಿಯಲ್ಲಿ ಕೂರುತ್ತಾನೆ.

ಚಪ್ಪಲಿಯಿಲ್ಲದೆ ಹಾರಿಸಲು ದ್ಯಾಮಕ್ಕ ಬಿಡಲಿಲ್ಲ. ಬಾಲಕ್ಕೆ ಕಟ್ಟಲು ಜಂಬುನಾಥನು ಬಿಡಲಿಲ್ಲ. ಕೊನೆಗೆ ಅವನೊಂದು ಉಪಾಯ ಮಾಡಿದನು. ಮೂಗಿನೊಳಗಿನ ಸೀಸದ ಗುಂಡುಗಳನ್ನೆಲ್ಲ ಕಿತ್ತು ಹಂಪಸಾಗರದವರಿಗೆ ಹಿಂದಿರುಗಿಸಿ, ಆ ಜಾಗದಲ್ಲಿ ಮಾವನವರ ಚಪ್ಪಲಿಯನ್ನು ಬೋಲ್ಟು ಹಾಕಿ ಬಿಗಿದನು. ಗಂಡ ಹೆಂಡತಿ ಬೆರಳ ತುದಿಯಲ್ಲಿ ಎತ್ತಿ ನೋಡಿದರು. ವಿಮಾನ ಮೂಗನ್ನು ಮೆಲ್ಲಗೆ ತಗ್ಗಿಸಿ ನಮಸ್ಕಾರ ಮಾಡಿತು.

ಈಗ ಪಡಸಾಲೆಯ ಮೂಲೆಯಲ್ಲಿ ಎರಡನೆಯ ವಿಮಾನದ ಎಲುಬುಗಳು ಕೂಡಿಕೊಳ್ಳುತ್ತಿವೆ. ಹೊಸ ಇಸ್ತ್ರಿ ಪೆಟ್ಟಿಗೆಯೊಂದು ಬಂದಿದೆ. ದ್ಯಾಮಕ್ಕ ಟ್ರಂಕಿನಿಂದ ಬಲಗಾಲಿನ ಚಪ್ಪಲಿಯನ್ನು ತೆಗೆದು, ಎಣ್ಣೆ ಸವರಿ, ಹೊಸ್ತಿಲಿನ ಪಕ್ಕದಲ್ಲಿ ಒಣಗಲಿಟ್ಟಿದ್ದಾಳೆ.